ಮುಗಿಯೋದು ಯಾವಾಗಮ್ಮ?

ಮೊನ್ನೆ ಮಂಗಳವಾರ ನಾದಿನಿ ಮೈಸೂರಿನಿಂದ ಫೋನ್ ಮಾಡಿದಳು. ಹಲೋ ಇಲ್ಲ, ಹೇಗಿದ್ದೀರಿ ಇಲ್ಲ. "ಅತ್ತಿಗೆ, ಅಪ್ಪನ ಹತ್ರ ಸಾಯೋ ಮಾತೆಲ್ಲ ಆಡೋದಾ?" ಅಂದಳು. ಅಷ್ಟರಲ್ಲಿ ಮಾವನೇ ಊರಿಗೆಲ್ಲ ಡಂಗುರ ಸಾರಿ ಆಗಿತ್ತು. ಕಥೆ ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಥರ ತಲುಪಿದೆ. ಚಿಕ್ಕತ್ತೆಯ ಪ್ರಕಾರ ನಾನು ಅವರನ್ನು ಯಾವುದೋ ಮಕ್ಕಳ ಆಟದ ಜಾಗಕ್ಕೆ ಕರೆದುಕೊಂಡು ಹೋಗಿ, ಎಲ್ಲರೆದುರು ಅಪಶಕುನ ನುಡಿದಿದ್ದೇನೆ. ಅದಕ್ಕೇ ಬರೆದೇಬಿಡೋಣ ಅಂತ ಕೂತಿದ್ದೇನೆ.

ಭಾನುವಾರ ಹೋಗಿದ್ದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ಗೆ. ವಿಡಿಯೋ ಗೇಮ್‌ಗಳ ಸಂಗೀತವನ್ನು ದೊಡ್ಡ ಆರ್ಕೆಸ್ಟ್ರಾ, ಕೋರಸ್ ಎಲ್ಲ ಇಟ್ಟು ನುಡಿಸುವ ಕಾರ್ಯಕ್ರಮ. ಟಿಕೆಟ್ ತೆಗೆದಿದ್ದು ನನ್ನ ಗಂಡ, ತನಗೂ ನನಗೂ ಅಂತ. ಅವನಿಗೆ ಆಟ ಗೊತ್ತು, ಸಂಗೀತ ಗೊತ್ತಿಲ್ಲ. ಶ್ರುತಿ ಅಂದರೆ ಯಾರು ಅಂತ ಕೇಳುವ ಪೈಕಿ. ಶನಿವಾರ ರಾತ್ರಿ ಅವನ ಆಫೀಸಿನ ಸರ್ವರ್ ಮಲಗಿತು, ಅದನ್ನು ಎಬ್ಬಿಸೋಕೆ ಇವನು ಎದ್ದು ಕೂತ. ಬೆಳಗ್ಗೆ ಕೆಂಗಣ್ಣು ಬಿಟ್ಟುಕೊಂಡು, "ಅಪ್ಪನ್ನ ಕರ್ಕೊಂಡು ಹೋಗು" ಅಂದ.

ಮಾವ ಬಂದು ಎರಡು ತಿಂಗಳಾಯಿತು. ಬ್ಯಾಂಕಿನಲ್ಲಿದ್ದು ರಿಟೈರ್ ಆದವರು. ಮೈಸೂರಿನ ಎಂಟನೇ ಕ್ರಾಸ್ ಗಣಪತಿ ಕಛೇರಿಗಳಿಗೆ ಚಾಪೆ ಹಾಸುವ ಮುಂಚೆಯೇ ಹೋಗಿ ಕೂರುತ್ತಿದ್ದವರು. ವರ್ಣದಿಂದ ಮಂಗಳದವರೆಗೆ ಅಲ್ಲಾಡುತ್ತಿರಲಿಲ್ಲ. ತನಿ ಆವರ್ತನಕ್ಕೆ, ಅಂದರೆ ಬರೀ ಮೃದಂಗ, ತಾಳವಾದ್ಯ ನುಡಿಸುವ ಹೊತ್ತಿಗೆ, ಎದ್ದು ಕಾಫಿಗೆ ಹೋಗುವವರನ್ನು ಕಂಡರೆ ಅವರಿಗೆ ಉರಿಯುತ್ತದೆ. ಪಕ್ಕದಲ್ಲಿ ಯಾವಾಗಲೂ ಅತ್ತೆ ಇರುತ್ತಿದ್ದರು. ಅತ್ತೆ ಹೋದ ಮೇಲೆ ಕಛೇರಿಗೆ ಹೋಗುವುದನ್ನೇ ಬಿಟ್ಟರು. ಯಾಕೆ ಅಂತ ಯಾರೂ ಕೇಳಲಿಲ್ಲ. ನಮ್ಮ ಮನೆಯಲ್ಲಿ ಆ ವಿಷಯವನ್ನೇ ಎತ್ತುವುದಿಲ್ಲ. ಸೀರಿಯಲ್‌ನಲ್ಲಿ ಫೋಟೋಗೆ ಹಾರ ಹಾಕಿದ್ದು ಕಂಡರೂ ನನ್ನ ಗಂಡ ಚಾನೆಲ್ ಬದಲಾಯಿಸುತ್ತಾನೆ. ಮಾವ ಗಮನಿಸುತ್ತಾರೆ, ಸುಮ್ನೆ ಇರುತ್ತಾರೆ.

"ಏನಮ್ಮ ಅದು, ಮಕ್ಕಳ ಆಟದ ಹಾಡಾ?" ಅಂತ ಕೇಳಿದರು. ಹೌದು ಮಾವ ಅಂದೆ. ಇಸ್ತ್ರಿ ಶರ್ಟು ಹಾಕಿಕೊಂಡು ಬಂದು ನಿಂತರು.

ಹಾಲ್ ಮಾತ್ರ ಅವರಿಗೆ ನೋಡಿದ ಕೂಡಲೇ ಹಿಡಿಸಿತು. 1871ರಲ್ಲಿ ತೆರೆದಿದ್ದು, ವಿಕ್ಟೋರಿಯಾ ರಾಣಿ ತೀರಿಹೋದ ಗಂಡನ ಹೆಸರು ಇಟ್ಟಿದ್ದು, ಎದುರುಗಡೆ ಪಾರ್ಕಿನಲ್ಲಿ ಅವನ ಚಿನ್ನದ ಬಣ್ಣದ ಪ್ರತಿಮೆ. "ಪ್ರೀತಿ ಜಾಸ್ತಿ ಇತ್ತು ಅಂತ ಕಾಣುತ್ತೆ" ಅಂದರು. ಒಳಗೆ ಕೂತ ಮೇಲೆ ತಲೆ ಎತ್ತಿದವರು ಇಳಿಸಲೇ ಇಲ್ಲ. ಚಾವಣಿಯಿಂದ ದೊಡ್ಡ ದೊಡ್ಡ ತಟ್ಟೆಗಳು ಇಳಿಬಿದ್ದಿವೆ, ಇಲ್ಲಿಯವರು ಅವಕ್ಕೆ ಅಣಬೆ ಅನ್ನುತ್ತಾರೆ. ಕಟ್ಟಿದಾಗಿನಿಂದ ಈ ಹಾಲ್‌ನಲ್ಲಿ ಪ್ರತಿಧ್ವನಿಯ ಕಾಟ. ಬ್ರಿಟಿಷ್ ಸಂಗೀತಗಾರ ತನ್ನ ಕೃತಿಯನ್ನು ಎರಡು ಸಲ ಕೇಳಬೇಕಾದರೆ ಇಲ್ಲಿಗೇ ಬರಬೇಕು ಅಂತ ಜೋಕು ಇತ್ತಂತೆ. ಆ ಕಾಟ ತಗ್ಗಿಸೋಕೆ 1969ರಲ್ಲಿ ಈ ಫೈಬರ್‌ಗ್ಲಾಸ್ ತಟ್ಟೆಗಳನ್ನು ತೂಗುಹಾಕಿದರು. ವೇದಿಕೆಯ ಹಿಂದೆ ಗೋಡೆ ತುಂಬ ಆರ್ಗನ್, ಅದಕ್ಕೆ 9,999 ಕೊಳವೆ. ಆ ಸಂಖ್ಯೆ ಕೇಳಿ ನನಗೆ ನಗು ಬಂತು. ಹಾಸನದ ದೊಡ್ಡಪ್ಪನ ಮನೆಯಲ್ಲಿ ಟಿವಿ ಗೇಮ್ ಇತ್ತು. ಅದರ ಕ್ಯಾಸೆಟ್ ಮೇಲೆ 9999 ಇನ್ 1 ಅಂತ ಬರೆದಿತ್ತು. ಹಾಕಿ ನೋಡಿದರೆ ಅವೇ ನಾಲ್ಕೈದು ಆಟ, ಹೆಸರು ಬೇರೆ. ಆಡದಿದ್ದರೆ ಕ್ಯಾಸೆಟ್ ತೆಗೆದು ಉಫ್ ಅಂತ ಊದಿ ಮತ್ತೆ ಹಾಕಬೇಕು. ಅಣ್ಣಂದಿರು ಆಡಿ ಸುಸ್ತಾದ ಮೇಲೆ ನನಗೆ ಒಂದು ಚಾನ್ಸು.

ಜನ ನೋಡಬೇಕಿತ್ತು ನೀವು. ಹಸಿರು ಟೋಪಿ ಹಾಕಿದವರು, ಕೂದಲಿಗೆ ನೀಲಿ ಬಳಿದವರು, ತನಗಿಂತ ಉದ್ದದ ರಟ್ಟಿನ ಕತ್ತಿ ಹಿಡಿದ ಹುಡುಗಿ. ನಮ್ಮ ಮುಂದೆ ಒಬ್ಬ ಧಡೂತಿ ಗಡ್ಡದವನು. ಮಾವ ಎಲ್ಲರನ್ನೂ ಒಂದು ಸುತ್ತು ನೋಡಿ, "ವೇಷ ಚೆನ್ನಾಗಿದೆ, ಗಲಾಟೆ ಮಾಡಲ್ಲ ತಾನೇ?" ಅಂದರು. ಗಲಾಟೆ ಏನು, ಒಬ್ಬರೂ ಕೆಮ್ಮಲಿಲ್ಲ. ಮೊಬೈಲ್ ಕೂಗಲಿಲ್ಲ. ಬೆಂಗಳೂರಿನಲ್ಲಿ ಮೊದಲ ಸಾಲಿನ ಪಾಸು ಹಿಡಿದು ಬಂದು ರೇಷ್ಮೆ ಸೀರೆ ಬಗ್ಗೆ ಮಾತಾಡುವ ಗಣ್ಯರಿಗಿಂತ ಈ ಟೋಪಿಯವರೇ ವಾಸಿ ಅಂತ ನನಗೆ ಅನ್ನಿಸಿತು. ಹೇಳಿದರೆ ಕೋಪ ಬರುತ್ತೆ, ಬರಲಿ.

ಮೊದಲ ತುಣುಕಿಗೇ ಮಾವನ ಬಲಗೈ ತೊಡೆಯ ಮೇಲೆ ತಾಳ ಹಾಕೋಕೆ ಶುರು ಮಾಡಿತು. ಎಷ್ಟು ಕಾಲದ ಮೇಲೆ ನೋಡಿದ್ದೆ ಅದನ್ನು. ನಾಲ್ಕನೆಯದೋ ಐದನೆಯದೋ ಮಾರಿಯೋ ಆಟದ ಹಾಡು. ಹಾಲ್ ಪೂರ್ತಿ ನಗುತ್ತಲೇ ಚಪ್ಪಾಳೆ ಹೊಡೆಯಿತು. ಚಪ್ಪಾಳೆ ನಿಲ್ಲುವ ಮುಂಚೆ ಮಾವ ನನ್ನ ಕಡೆ ವಾಲಿದರು.

"ಅಲ್ಲಮ್ಮ, ಇವರಿಗೆ ಶುರು ಮಾಡೋಕೆ ಬರುತ್ತೆ, ಮುಗಿಸೋಕೆ ಬರಲ್ಲ. ಎಲ್ಲಾದಕ್ಕೂ ಕೊನೆಗೆ ಅದೇ ಢಂ ಢಂ. ಬೇರೆ ದನದ ಬಾಲ ತಂದು ಅಂಟಿಸಿದ ಹಾಗಿದೆ. ಆಟದಲ್ಲಿ ಇದು ಮುಗಿಯೋದು ಯಾವಾಗಮ್ಮ?"

"ನಾವು ಸತ್ತಾಗ, ಮಾವ."

ಬಾಯಿಗೆ ಬಂದಿದ್ದು ಬಂತು. ಮಾರಿಯೋ ಆಡಿದವರು ಯಾರೇ ಆದರೂ ಹಾಗೇ ಹೇಳೋದು. ಮಾವ ಒಂದು ಕ್ಷಣ ನನ್ನ ಮುಖ ನೋಡಿದರು.

"ಸತ್ತ ಮೇಲೆ?"

"ಮತ್ತೆ ಮೊದಲಿಂದ ಶುರು."

"ಅದೇ ಹಾಡು?"

"ಅದೇ ಹಾಡು."

"ಹಾಗಾದ್ರೆ ಪರವಾಗಿಲ್ಲ ಬಿಡು" ಅಂದವರು ನಕ್ಕರು ನೋಡಿ, ಮುಂದಿನ ಗಡ್ಡದವನು ತಿರುಗಿ ನೋಡಿದ. ಎರಡು ತಿಂಗಳಲ್ಲಿ ಅವರು ಹಾಗೆ ನಕ್ಕಿದ್ದು ನಾನು ಕೇಳಿರಲಿಲ್ಲ.

ಇಷ್ಟೇ ನಡೆದಿದ್ದು. ನಾದಿನಿಗೆ ಮೂರು ಸಲ ಹೇಳಿದೆ. ಮೂರು ಸಲವೂ ಅವಳಿಗೆ ಕೇಳಿಸಿದ್ದು "ಸತ್ತಾಗ" ಒಂದೇ. ನನಗೆ ಮಾತ್ರ ಈ ವಾರವೆಲ್ಲ ತಲೆಯಲ್ಲಿ ಸುತ್ತುತ್ತಿರುವುದು ಮಾವನ ಪ್ರಶ್ನೆ. ಚಿಕ್ಕಂದಿನಿಂದ ಕೇಳಿದ ಹಾಡು, ಅದಕ್ಕೆ ಕೊನೆ ಇಲ್ಲ ಅಂತ ನನಗೆ ಹೊಳೆದೇ ಇರಲಿಲ್ಲ. ಒಂದು ಆಟವನ್ನೂ ಆಡದ ಮನುಷ್ಯ ಅರ್ಧ ಗಂಟೆಯಲ್ಲಿ ಹಿಡಿದುಬಿಟ್ಟರು.

ಇಂಟರ್ವಲ್‌ನಲ್ಲಿ ನನಗೆ ಗೊತ್ತಿದ್ದಷ್ಟು ಹೇಳಿದೆ. 1985ರ ಸೂಪರ್ ಮಾರಿಯೋ ಬ್ರದರ್ಸ್ ಇಡೀ ಆಟ 40 ಕಿಲೋಬೈಟ್. ಮಾವ ಬೆಳಗ್ಗೆ ಎದ್ದು ಕಳಿಸುವ ಗುಡ್ ಮಾರ್ನಿಂಗ್ ಫೋಟೋ ಒಂದೇ ಅದಕ್ಕಿಂತ ದೊಡ್ಡದು. ಅದರಲ್ಲೇ ಚಿತ್ರ, ಅದರಲ್ಲೇ ಓಟ, ಅದರಲ್ಲೇ ಸಂಗೀತ. ಉದ್ದ ಬರೆಯೋಕೆ ಜಾಗವಿಲ್ಲ. ಜೊತೆಗೆ, ಆಡುವವನು ಎಲ್ಲಿ ಎಷ್ಟು ಹೊತ್ತು ನಿಲ್ಲುತ್ತಾನೆ ಅಂತ ಬರೆಯುವವನಿಗೆ ಗೊತ್ತಿರಲ್ಲ. ಒಬ್ಬ ಒಂದು ನಿಮಿಷಕ್ಕೆ ದಾಟುತ್ತಾನೆ, ನನ್ನಂಥವಳು ಅದೇ ಹಳ್ಳಕ್ಕೆ ಮತ್ತೆ ಮತ್ತೆ ಬೀಳುತ್ತಾಳೆ. ಹಾಗಾಗಿ ಕೊನೆಯ ಸ್ವರ ಹೋಗಿ ಮೊದಲ ಸ್ವರಕ್ಕೇ ಸೇರಬೇಕು, ಎಷ್ಟು ಸಲ ಬಂದರೂ ಬೇಸರ ಬರಬಾರದು. ವೇದಿಕೆ ಮೇಲೆ ಹಾಗೆ ಸುತ್ತುತ್ತಾ ಇರೋಕೆ ಆಗಲ್ಲವಲ್ಲ, ಆರ್ಕೆಸ್ಟ್ರಾಗೆ ಬರೆದುಕೊಡುವವರು ಒಂದು ಕೊನೆ ಹುಟ್ಟಿಸಬೇಕು. ಅದೇ ಮಾವನಿಗೆ ಕೇಳಿಸಿದ ಬಾಲ.

"ಆ ಮೆಷಿನ್‌ನಲ್ಲಿ ಎಷ್ಟು ವಾದ್ಯ?" ಅಂತ ಕೇಳಿದರು. ಸ್ವರಕ್ಕೆ ಮೂರು ದನಿ, ತಾಳಕ್ಕೆ ಗರಗರ ಅನ್ನುವ ಒಂದು ಸದ್ದು, ಮಾರಿಯೋ ಹಾಡಿಗೆ ಅಷ್ಟೇ ಬಳಸಿದ್ದು ಅಂದೆ.

"ಹಾಡುವವರು, ಪಿಟೀಲು, ತಂಬೂರಿ. ಅದರ ಮೇಲೆ ಮೃದಂಗ. ಸಾಕಲ್ಲಮ್ಮ, ಇನ್ನೇನು ಬೇಕು?"

ಆ ಹಾಡು ಬರೆದ ಕೋಜಿ ಕೊಂಡೊ ಇದನ್ನು ಕೇಳಿದ್ದರೆ ಖುಷಿಪಡುತ್ತಿದ್ದರು. 2023ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಆ ಹಾಡನ್ನು ಕಾಪಾಡಿ ಇಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು. ಆ ಪಟ್ಟಿಗೆ ಸೇರಿದ ಮೊದಲ ವಿಡಿಯೋ ಗೇಮ್ ಸಂಗೀತ ಅದು. ಎಲ್ಲರಿಗೂ ಈ ಭಾಗ್ಯ ಇರಲಿಲ್ಲ. ಆಗಿನ ಕಾಲದಲ್ಲಿ ಎಷ್ಟೋ ಜನರ ನಿಜವಾದ ಹೆಸರೇ ಆಟದಲ್ಲಿ ಬರುತ್ತಿರಲಿಲ್ಲ. ಕ್ಯಾಸಲ್‌ವೇನಿಯಾ ಆಟಕ್ಕೆ ಸಂಗೀತ ಕೊಟ್ಟವರಲ್ಲಿ ಕಿನುಯೊ ಯಮಾಶಿತಾ ಅಂತ ಒಬ್ಬ ಹೆಣ್ಣುಮಗಳು, ತೆರೆಯ ಮೇಲೆ ಬಂದ ಹೆಸರು ಜೇಮ್ಸ್ ಬನಾನಾ. ಸ್ಟ್ರೀಟ್ ಫೈಟರ್ 2ರ ಹೆಚ್ಚಿನ ಸಂಗೀತ ಬರೆದ ಯೊಕೊ ಶಿಮೊಮುರಾ ಒಸಾಕಾದಲ್ಲಿ ಪಿಯಾನೋ ಓದಿದವರು. ಪಿಯಾನೋ ಟೀಚರ್ ಕೆಲಸ ಬಿಟ್ಟು ಗೇಮ್ ಕಂಪನಿ ಸೇರ್ತೀನಿ ಅಂದಾಗ ಅಪ್ಪ ಅಮ್ಮ ಅತ್ತಿದ್ದರಂತೆ. ಅಷ್ಟು ಫೀಸು ಕಟ್ಟಿ ಓದಿಸಿ ಕೊನೆಗೆ ಇದಾ ಅಂತ. ಇದನ್ನು ಹೇಳಿದಾಗ ಮಾವ ಮಾತ್ರ ನಗಲಿಲ್ಲ. "ನಾವೂ ಅಳ್ತಿದ್ವಿ" ಅಂದರು. ಅವರ ಮಗಳು ವೀಣೆ ಬಿಟ್ಟು ಎಂ.ಬಿ.ಎ.ಗೆ ಹೋದವಳು. ನಮ್ಮ ಮನೆಗಳಲ್ಲಿ ಅಳುವ ಕಾರಣವೇ ಉಲ್ಟಾ ಅಲ್ವಾ, ಸಂಗೀತ ಬಿಟ್ಟರೆ ಯಾರೂ ಅಳಲ್ಲ. ಮಾವ ಒಬ್ಬರು ಅತ್ತಿದ್ದರು ಅಂತ ನನಗೆ ಅವತ್ತೇ ಗೊತ್ತಾಗಿದ್ದು.

ಎರಡನೇ ಅರ್ಧದಲ್ಲಿ ನೊಬುವೊ ಉಎಮಾತ್ಸು ಬರೆದ ಏರಿತ್‌ಳ ಹಾಡು ಬಂತು. 1997ರ ಫೈನಲ್ ಫ್ಯಾಂಟಸಿ 7 ಆಟದ್ದು. ಮುಂದಿನ ಗಡ್ಡದವನ ಹೆಗಲು ಅಲುಗಾಡೋಕೆ ಶುರುವಾಯಿತು. ತೋಳಿನಿಂದ ಕಣ್ಣು ಒರೆಸಿಕೊಂಡ.

"ಏನಾಯ್ತು ಅವನಿಗೆ?" ಅಂತ ಮಾವ ಪಿಸುಗುಟ್ಟಿದರು.

"ಆ ಆಟದಲ್ಲಿ ಒಬ್ಬಳು ಹುಡುಗಿ ಇದ್ದಾಳೆ ಮಾವ. ಅವಳನ್ನ ಕೊಂದುಬಿಡ್ತಾರೆ. ಅವಳು ಮಾತ್ರ ವಾಪಸ್ ಬರಲ್ಲ."

ಹೇಳುವಾಗಲೇ ನನಗೆ ತಿಳಿಯಿತು. ಆ ಆಟದಲ್ಲಿ ಬಿದ್ದವರನ್ನು ಎಬ್ಬಿಸೋಕೆ ಔಷಧಿ ಇದೆ. ಹೊಡೆದಾಟದಲ್ಲಿ ಎಷ್ಟು ಸಲ ಬಿದ್ದರೂ ಎಬ್ಬಿಸಬಹುದು. ಇವಳಿಗೆ ಮಾತ್ರ ಯಾವುದೂ ನಡೆಯುವುದಿಲ್ಲ. ಅವಳನ್ನು ವಾಪಸ್ ತರಬಹುದು ಅಂತ ಜನ ವರ್ಷಗಟ್ಟಲೆ ದಾರಿ ಹುಡುಕಿದರು. ಇಂಥ ದಾರಿ ಇದೆ ಅಂತ ಸುಳ್ಳು ಸುದ್ದಿಯೂ ಹಬ್ಬಿತು. ಮಾವ ಏನೂ ಹೇಳಲಿಲ್ಲ. ತಾಳದ ಕೈ ನಿಂತಿತ್ತು. ಹಾಡು ಮುಗಿದ ಮೇಲೆ, "ಇದಕ್ಕೆ ಬಾಲ ಅಂಟಿಸಿಲ್ಲ" ಅಂದರು, ಅಷ್ಟೇ.

ಕೋರಸ್‌ನವರು ಹಾಡಿದ್ದು ಬಾಬಾ ಯೇತು. ಕ್ರಿಸ್ಟೋಫರ್ ಟಿನ್ ಅವರು ಸಿವಿಲೈಸೇಶನ್ 4 ಆಟಕ್ಕೆ ಮಾಡಿದ್ದು, ಕ್ರೈಸ್ತರ ಪ್ರಾರ್ಥನೆ ಸ್ವಾಹಿಲಿ ಭಾಷೆಯಲ್ಲಿ. 2011ರಲ್ಲಿ ಗ್ರ್ಯಾಮಿ ಗೆದ್ದಿತು. ಗೇಮ್‌ಗಾಗಿ ಬರೆದ ಸಂಗೀತಕ್ಕೆ ಗ್ರ್ಯಾಮಿ ಬಂದಿದ್ದು ಅದೇ ಮೊದಲು. ಹಾಲ್ ಎದ್ದು ನಿಂತಿತು. ಮಾವನೂ ಎದ್ದು ನಿಂತರು, ಆಮೇಲೆ ಮಂಡಿ ನೋವು ಅಂತ ಬೈದುಕೊಂಡರು.

ವಾಪಸ್ ಬರುವಾಗ ಟ್ಯೂಬ್ ರೈಲಿನಲ್ಲೇ ಶುರುವಾಯಿತು ಅವರ ವರದಿ. ಸಿಗ್ನಲ್ ಸಿಕ್ಕಿದಲ್ಲೆಲ್ಲ ವಾಯ್ಸ್ ಮೆಸೇಜ್. "ನಮ್ಮ ಸೊಸೆಯನ್ನ ಕೇಳಿದೆ, ಮುಗಿಯೋದು ಯಾವಾಗಮ್ಮ ಅಂತ. ಏನಂದಳು ಗೊತ್ತಾ?" ಹೇಳಿದ ಸಲವೆಲ್ಲ ಹೊಸದಾಗಿ ನಗು. ನನ್ನ ಗಂಡನಿಗೆ ರಾತ್ರಿ ಊಟಕ್ಕೆ ಕೂತಾಗ ಹೇಳಿದರು. ಅವನು ಹುಳಿ ಕಲಸುವುದನ್ನು ಬಿಟ್ಟು ನನ್ನನ್ನು ದುರುಗುಟ್ಟಿ ನೋಡಿದ. ಮಾವ ಅವನ ಮುಖ ನೋಡಿ, "ನೀನ್ಯಾಕಪ್ಪ ಹೀಗೆ ನೋಡ್ತೀಯ? ನಿಮ್ಮಮ್ಮ ಸತ್ತಿದ್ದು ನನಗೆ ಗೊತ್ತು, ನೀವೆಲ್ಲ ಮುಚ್ಚಿಡಬೇಕಾಗಿಲ್ಲ" ಅಂದರು. ಸಿಟ್ಟಿನಿಂದಲ್ಲ. ಹುಳಿಗೆ ಉಪ್ಪು ಕಮ್ಮಿ ಅಂತ ಹೇಳುವ ದನಿಯಲ್ಲೇ ಹೇಳಿದರು. ಆಮೇಲೆ ಅತ್ತೆಯ ಮಾತೇ ಮಾತು. ಒಂದು ಸಲ ಕಛೇರಿಯಲ್ಲಿ ಅತ್ತೆ ಕೂತಲ್ಲೇ ನಿದ್ದೆ ಹೋಗಿ, ತನಿಯ ಕೊನೆಯ ತೀರ್ಮಾನಕ್ಕೆ ಬೆಚ್ಚಿಬಿದ್ದು ಎದ್ದು ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದಿದ್ದರಂತೆ. ನನ್ನ ಗಂಡ ಈ ಕಥೆ ಕೇಳಿಯೇ ಇರಲಿಲ್ಲ. ನಾವು ಅವರನ್ನು ನೋವಿನಿಂದ ಕಾಪಾಡ್ತಿದ್ದೀವಿ ಅಂದುಕೊಂಡಿದ್ದೆವು. ಕಾಪಾಡಿಕೊಂಡಿದ್ದು ನಮ್ಮನ್ನೇ ಇರಬೇಕು, ಅಳುವ ಮುದುಕರನ್ನು ಸಂಭಾಳಿಸುವ ಕೆಲಸದಿಂದ.

ನಿನ್ನೆ ಸಂಜೆ ಮಾವ ಮಗನ ಸ್ವಿಚ್ ಅನ್ನುವ ಗೇಮ್ ಮೆಷಿನ್‌ನಲ್ಲಿ ಹಳೇ ಮಾರಿಯೋ ಹಾಕಿಸಿಕೊಂಡರು. ಕಂಟ್ರೋಲರ್ ಹಿಡಿದು ಕೂತರು, ಆದರೆ ಮಾರಿಯೋನನ್ನು ಅಲ್ಲಾಡಿಸಲಿಲ್ಲ. ಅವನು ಶುರುವಿನ ಜಾಗದಲ್ಲೇ ನಿಂತಿದ್ದಾನೆ, ಹಾಡು ಹರಿಯುತ್ತಿದೆ, ಮಾವ ತೊಡೆ ತಟ್ಟುತ್ತಿದ್ದಾರೆ.

"ಅಪ್ಪಾ, ಬಲಗಡೆ ಒತ್ತಿ, ಓಡಿಸಿ!"

"ಸುಮ್ನಿರೋ. ಎಷ್ಟು ಆವರ್ತನ ಅಂತ ಲೆಕ್ಕ ಹಾಕ್ತಿದ್ದೀನಿ."

ಮೇಲಿನ ಟೈಮ್ 400ರಿಂದ ಇಳಿಯುತ್ತದೆ, ನಮ್ಮ ಸೆಕೆಂಡಿಗಿಂತ ಜೋರಾಗಿ. 100ಕ್ಕೆ ಬಂದಾಗ ಎಚ್ಚರಿಕೆಯ ಸದ್ದಾಗಿ ಅದೇ ಹಾಡು ಜೋರು ಕಾಲದಲ್ಲಿ ಓಡೋಕೆ ಶುರುವಾಯಿತು. ಮಾವ ಹಿಗ್ಗಿ, "ಕಾಲ ಏರಿಸಿದ, ಕಾಲ ಏರಿಸಿದ!" ಅಂತ ಕೂಗಿದರು. ಟೈಮ್ ಮುಗಿಯಿತು. ಮಾರಿಯೋ ನಿಂತಲ್ಲೇ ಸತ್ತ. ಲೆಕ್ಕ ತಪ್ಪಿತು ಅಂತ ಮಾವ ಇನ್ನೊಂದು ಸಲ ಹಾಗೇ ನಿಲ್ಲಿಸಿದರು. ಆಮೇಲೆ ಕಂಟ್ರೋಲರ್ ನನ್ನ ಕೈಗೆ ಕೊಟ್ಟರು.

"ಈಗ ನೀನು ಆಡಮ್ಮ, ನಾನು ಕೇಳ್ತೀನಿ. ಬೇಗ ಸಾಯಬೇಡ, ಒಂದು ಸುತ್ತು ಪೂರ್ತಿ ಬರಲಿ."

ಮೊದಲನೇ ಹಳ್ಳ ದಾಟಿದೆ. ಎರಡನೆಯದರಲ್ಲಿ ಬಿದ್ದೆ.