ಎಂಟು ಪದರದ ಫಿಲ್ಮು ಕೊನೆಗೂ ಒಡೆಯಿತು

ಎರಡು ಲೋಹ ಬೆರೆತ ತೆಳು ಫಿಲ್ಮು ತಾನೇ ಎರಡು ಭಾಗವಾಗಿ ಬೇರ್ಪಡುವುದನ್ನು, ಅಂದರೆ ಒಡೆಯುವುದನ್ನು, ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಕೆಲಸ ಇದು. ಮೂರು ವಾರ ಪರದೆ ತುಂಬ ಬರೀ ಬೂದು, ಅಂದರೆ ಎಲ್ಲೆಡೆ ಒಂದೇ ಮಿಶ್ರಣ. ಈ ಭಾನುವಾರ ಅದರಲ್ಲಿ ಹನ್ನೊಂದು ಪಟ್ಟೆ ಮೂಡಿವೆ. ಲೆಕ್ಕಕ್ಕೆ ಬಳಸಿದ್ದು ಮಿಶ್ರಣ ಬೇರ್ಪಡುವುದನ್ನು ವಿವರಿಸುವ ಕಾನ್-ಹಿಲಿಯರ್ಡ್ ಸಮೀಕರಣ. ನೇರ ತಲೆನೋವಿಗೆ ಬರೋಣ.

ಅರ್ಧಕ್ಕರ್ಧ ಮಿಶ್ರಣದಲ್ಲಿ ಮುಕ್ತ ಶಕ್ತಿಯ ಎರಡನೇ ಡೆರಿವೇಟಿವ್ ಮೈನಸ್ 1, ಅಂದರೆ ಬೇರ್ಪಡುವ ಒಲವು; ಅದಕ್ಕೆದುರಾಗಿ ಎಲಾಸ್ಟಿಕ್ ದಂಡ, ಅಂದರೆ ಪರಮಾಣುಗಳ ಗಾತ್ರ ಹೊಂದದೆ ಆಗುವ ಎಳೆತದ ಬೆಲೆ, 1.2. ದಪ್ಪ ಲೋಹದಲ್ಲಿ ಮೊತ್ತ ಪ್ಲಸ್ 0.2, ಏನೇ ಮಾಡಿದರೂ ಬೇರ್ಪಡದು. ಎರಡೂ ಮುಖ ಬಿಡುವಾಗಿರುವ ತೆಳು ಫಿಲ್ಮಿನಲ್ಲಿ ಮೇಲ್ಮೈ ಉಬ್ಬಿ ತಗ್ಗಿ ಒತ್ತಡ ಸಡಿಲವಾಗುತ್ತದೆ. ಒಂದರಿಂದ ಪಾಯ್ಸನ್ ಅನುಪಾತ (ಉದ್ದಕ್ಕೆ ಎಳೆದಾಗ ಅಡ್ಡಕ್ಕೆ ಕುಗ್ಗುವ ಪ್ರಮಾಣ) ಕಳೆದು ಅರ್ಧ ಮಾಡಿದರೆ ಎಷ್ಟೋ, ಅಷ್ಟೇ ಪಟ್ಟು ದಂಡ ಉಳಿಯುವುದು. ಅನುಪಾತ 0.3 ಆದರೆ 0.35 ಪಟ್ಟು, ಅಂದರೆ 0.42. ಮೊತ್ತ ಮೈನಸ್ 0.58. ಒಡೆಯಲೇಬೇಕು. ಒಡೆಯಲಿಲ್ಲ.

ಮೊದಲ ಅನುಮಾನ ಸರಾಸರಿ ಸ್ಟ್ರೇನ್ ಮೇಲೆ, ಅಂದರೆ ಇಡೀ ಫಿಲ್ಮು ಒಟ್ಟಾಗಿ ಹಿಗ್ಗುವ ಪ್ರಮಾಣದ ಮೇಲೆ. ಅದು ವ್ಯರ್ಥ ಹಾದಿ. ಎರಡೂ ಫೇಸ್‌ಗಳ (ಬೇರ್ಪಟ್ಟ ಭಾಗಗಳ) ಬಿಗಿತ ಒಂದೇ ಆಗಿದ್ದು ಒಟ್ಟು ಪರಮಾಣುಗಳ ಲೆಕ್ಕ ಬದಲಾಗದಿದ್ದರೆ, ಸಬ್‌ಸ್ಟ್ರೇಟು (ಫಿಲ್ಮನ್ನು ಹೊತ್ತ ತಳ) ಇಡೀ ಫಿಲ್ಮನ್ನು ಸಮನಾಗಿ ಎಳೆದರೂ ಶಕ್ತಿಗೆ ಒಂದು ಸ್ಥಿರಾಂಕ ಸೇರುತ್ತದೆ, ಅಷ್ಟೆ. ಇದನ್ನು ಕಾಗದದ ಮೇಲೆ ಮೊದಲೇ ನೋಡಿದ್ದರೆ ಒಂದು ವಾರ ಉಳಿಯುತ್ತಿತ್ತು.

ನಿಜವಾದ ಕಳ್ಳ ಎಫ್‌ಎಫ್‌ಟಿ. ಒತ್ತಡವನ್ನು ಅಲೆಗಳಾಗಿ ಬಿಡಿಸಿ ಲೆಕ್ಕ ಹಾಕುವ ವಿಧಾನ ಅದು. ಎಲ್ಲ ದಿಕ್ಕಿಗೂ ಆವರ್ತಕ, ಅಂದರೆ ಪೆಟ್ಟಿಗೆ ಮುಗಿದಲ್ಲಿ ಅದೇ ಪೆಟ್ಟಿಗೆ ಮತ್ತೆ ಶುರು. ನಮ್ಮ ಫಿಲ್ಮಿನ ಮೇಲೂ ಕೆಳಗೂ ಅದೇ ಫಿಲ್ಮಿನ ನಕಲು, ಚಿರೋಟಿ ಪದರದ ಹಾಗೆ. ಬಿಡುವಾದ ಮುಖವೇ ಇಲ್ಲ, ಇನ್ನು ಉಬ್ಬುವುದೆಲ್ಲಿ! ಎಂಟು ಪದರದ ಮೇಲೆ 24 ಪದರ ನಿರ್ವಾತ ಇಟ್ಟಾಯಿತು. ಬಿಗಿತ ಪೂರ್ತಿ ಸೊನ್ನೆ ಕೊಟ್ಟರೆ ಸಾದಾ ಇಟರೇಷನ್ ನೆಲೆಗೆ ಬರುವುದೇ ಇಲ್ಲ. ಲೋಹದ ಹತ್ತು ಸಾವಿರದಲ್ಲೊಂದು ಭಾಗ ಕೊಟ್ಟು, ಬೇಗ ನೆಲೆಗೆ ಬರುವ ಕಾಂಜುಗೇಟ್ ಗ್ರೇಡಿಯೆಂಟ್‌ಗೆ ಹೋದರೆ ಸರಿ. ಅಂಚಿನಲ್ಲಿ ಚದುರಂಗದ ಮಣೆಯಂಥ ಗಲಾಟೆ ಕಂಡರೆ ರೊಟೇಟೆಡ್ ಗ್ರಿಡ್ (ಓರೆಯಾಗಿ ವ್ಯತ್ಯಾಸ ತೆಗೆಯುವ ಜಾಲ) ಬಳಸಿ.

ಆಮೇಲೆ ಪರಮಾಣುಗಳು ನಿರ್ವಾತಕ್ಕೆ ಸೋರತೊಡಗಿದವು. ಅಲ್ಲಿ ಮೊಬಿಲಿಟಿ (ಪರಮಾಣು ಚಲಿಸುವ ಸಲೀಸು) ಸೊನ್ನೆ ಮಾಡಿದರೂ ಅಂಚಿನ ಸರಾಸರಿಯಲ್ಲಿ ಸೋರಿಕೆ ನಿಲ್ಲದು. ಪರಿಹಾರ ಸರಳ: ಸಂಯೋಜನೆಯನ್ನು (ಎಲ್ಲಿ ಯಾವ ಲೋಹ ಎಷ್ಟು ಎಂಬುದನ್ನು) ಎಂಟು ಪದರಕ್ಕೆ ಮಾತ್ರ ಡಿಸಿಟಿಯಲ್ಲಿ, ಅಂದರೆ ಅಂಚು ದಾಟಿ ಏನೂ ಹರಿಯದ ಕೊಸೈನ್ ಅಲೆಗಳಲ್ಲಿ, ಬಿಡಿಸಿ, ಎಲಾಸ್ಟಿಕ್ ಲೆಕ್ಕವನ್ನು ಇಡೀ ಪೆಟ್ಟಿಗೆಗೆ ಮಾಡಿ. ಗ್ರೇಡಿಯೆಂಟ್ ಗುಣಾಂಕ (ಎರಡು ಭಾಗಗಳ ನಡುವಿನ ಗಡಿಯ ಬೆಲೆ) 8 ಇಟ್ಟಾಗ ಲೆಕ್ಕ ಹೇಳುವ ತರಂಗದುದ್ದ, ಅಂದರೆ ಪಟ್ಟೆಯಿಂದ ಪಟ್ಟೆಗೆ ದೂರ, ಸುಮಾರು 47 ಗ್ರಿಡ್. 512ರ ಪೆಟ್ಟಿಗೆಯಲ್ಲಿ ಹನ್ನೊಂದು ಪಟ್ಟೆ ಅಂದರೆ 46.5. ನಿರ್ವಾತ ತೆಗೆದು ಮತ್ತೆ ಓಡಿಸಿದರೆ ಮತ್ತೆ ಬೂದು. ಆ ಬೂದು ಈಗ ಚೆಂದ ಕಾಣುತ್ತದೆ.

ಮುಂದೆ ಇದನ್ನು ನಿಜವಾದ ಲೋಹದಲ್ಲಿ ನೋಡಬೇಕು: ಚಿನ್ನ-ನಿಕಲ್. ಲ್ಯಾಟಿಸ್ (ಪರಮಾಣು ಜೋಡಣೆಯ ಚೌಕಟ್ಟು) ಅಳತೆ 4.08 ಮತ್ತು 3.52 ಆಂಗ್‌ಸ್ಟ್ರಾಮ್, ಸುಮಾರು 15% ವ್ಯತ್ಯಾಸ. ದಪ್ಪ ತುಂಡಿನಲ್ಲಿ ಕೊಹಿರೆಂಟ್ ಸ್ಪಿನೋಡಲ್ (ಲ್ಯಾಟಿಸ್ ಮುರಿಯದೆ ತಾನೇ ಬೇರ್ಪಡತೊಡಗುವ ಉಷ್ಣತೆ) ನೂರಾರು ಡಿಗ್ರಿ ಕೆಳಗಿಳಿಯುವುದು ಇದರಿಂದಲೇ. ಮೈಸೂರಿನಲ್ಲಿ ಇದಕ್ಕೊಂದು ಅನುಕೂಲವಿದೆ: ಮೈಸೂರು ಚಿತ್ರಕಲೆಗೆ ಬಳಸುವ ಚಿನ್ನದ ಹಾಳೆ, ದಪ್ಪ 0.1 ಮೈಕ್ರಾನ್ ಆಸುಪಾಸು. ಅದರ ಮೇಲೆ ನಿಕಲ್ ಪ್ಲೇಟಿಂಗ್, ಆರ್ಗಾನ್‌ನಲ್ಲಿ ಕಾಸುವುದು. ತೊಡಕೂ ಅಲ್ಲೇ ಇದೆ: ಎರಡೂ ಪೂರ್ತಿ ಬೆರೆಯಲು 810 ಡಿಗ್ರಿ ದಾಟಬೇಕು, ಅಷ್ಟು ತೆಳು ಹಾಳೆ ಅದಕ್ಕೂ ಮೊದಲೇ ಹನಿಹನಿಯಾಗಿ ಮುದುಡುತ್ತದೆ. ಹಾಗಾಗಿ ಮೊದಲು ದಪ್ಪ ಫಾಯಿಲ್.

ಇನ್ನು "ಅಪ್ಪಟ ಚಿನ್ನ" ಎಂದು ಅಂಗಡಿಯೊಂದು ಮಾರಿದ ಹಾಳೆಯ ಪುಸ್ತಿಕೆ. ನೈಟ್ರಿಕ್ ಆಮ್ಲದ ಒಂದು ಹನಿಗೆ ಹಸಿರು ನೊರೆ ಬಿಟ್ಟು ಕರಗಿಹೋಯಿತು. ಹಿತ್ತಾಳೆ! ಕೊಳ್ಳುವ ಮುಂಚೆ ಒಂದು ಮೂಲೆಗೆ ಹನಿ ಹಾಕಿ ನೋಡಲು ಬಿಡುವ ಅಂಗಡಿ ಯಾರಿಗಾದರೂ ಗೊತ್ತಿದ್ದರೆ ಹೇಳಿ.