ತೆರೆಯ ಮೇಲೆ ಒಬ್ಬ, ಸೆಟ್ಟಿನಲ್ಲಿ ಹಲವರು: ಯಂತ್ರಬೊಂಬೆ ಕೆಲಸಕ್ಕೆ ಇ.ಟಿ. ಕಲಿಸುವುದು

1982ರ ಜೂನ್‌ನಲ್ಲಿ ಬಿಡುಗಡೆಯಾದ ಸ್ಟೀವನ್ ಸ್ಪೀಲ್‌ಬರ್ಗ್ ಅವರ 'ಇ.ಟಿ. ದಿ ಎಕ್ಸ್‌ಟ್ರಾ ಟೆರೆಸ್ಟ್ರಿಯಲ್' ನೋಡಿದವರಿಗೆ ಅನ್ಯಗ್ರಹದ ಜೀವಿ ಇ.ಟಿ. ಒಬ್ಬನೇ. ಸೆಟ್ಟಿನಲ್ಲಿ ಅವನು ಹಲವು ದೇಹಗಳಲ್ಲಿ ಹಂಚಿಹೋಗಿದ್ದ. ಬೊಂಬೆ ತಯಾರಿಸಿದ ಕಾರ್ಲೋ ರಾಂಬಾಲ್ಡಿ ಕಟ್ಟಿಕೊಟ್ಟದ್ದು ನಾಲ್ಕು ತಲೆ. ಒಂದು ಮುಖ್ಯ ಯಂತ್ರದ್ದು, ಉಳಿದ ಮೂರು ಬೇರೆ ಬೇರೆ ಮುಖಭಾವಕ್ಕೆ. ಅದರ ಜೊತೆಗೆ, ಒಳಗೆ ಮನುಷ್ಯರು ಹೊಕ್ಕು ನಡೆಯುವ ಉಡುಪು. ನಡಿಗೆಯ ಶಾಟ್‌ಗಳಲ್ಲಿ ಅದನ್ನು ತೊಟ್ಟವರು ಮೂರಡಿಯೊಳಗಿನ ನಟರಾದ ಪ್ಯಾಟ್ ಬಿಲಾನ್ ಮತ್ತು ಟಮಾರಾ ಡಿ ಟ್ರೋ. ಎಡವಿ ತೂರಾಡಿ ಬೀಳುವ ಶಾಟ್‌ಗಳಲ್ಲಿ ಒಳಗಿದ್ದವನು ಹುಟ್ಟಿನಿಂದಲೇ ಕಾಲಿಲ್ಲದ, ಕೈಗಳ ಮೇಲೆ ನಡೆಯಬಲ್ಲ 12 ವರ್ಷದ ಮ್ಯಾಥ್ಯೂ ಡಿಮೆರಿಟ್. ಹತ್ತಿರದಿಂದ ಕಾಣುವ ಕೈಗಳು ಮೂಕಾಭಿನಯದ (ಮೈಮ್) ಕಲಾವಿದೆ ಕ್ಯಾಪ್ರಿಸ್ ರಾಥ್ ಅವರವು. ದನಿ ಮುಖ್ಯವಾಗಿ ಪ್ಯಾಟ್ ವೆಲ್ಷ್ ಅವರದು.

ಬೊಂಬೆ ಕೆಲಸಕ್ಕೆ ಹೊಸದಾಗಿ ಬರುವವರು ಮಾಡುವ ದೊಡ್ಡ ತಪ್ಪು ಇಲ್ಲೇ ಇದೆ. ಎಲ್ಲವನ್ನೂ ಮಾಡಬಲ್ಲ ಒಂದೇ ಬೊಂಬೆ ಕಟ್ಟಲು ಹೊರಡುತ್ತಾರೆ. ನಡೆಯಬೇಕು, ಹಿಡಿಯಬೇಕು, ಅಳಬೇಕು, ಮಾತಾಡಬೇಕು. ಅಷ್ಟೂ ಮೋಟಾರು ಒಂದೇ ಮೈಯೊಳಗೆ ತುರುಕಿದರೆ ತೂಕ ಏರುತ್ತದೆ, ರಿಪೇರಿಗೆ ಕೈ ತೂರುವುದಿಲ್ಲ, ಒಂದು ಕೆಟ್ಟರೆ ಇಡೀ ದಿನದ ಚಿತ್ರೀಕರಣ ನಿಲ್ಲುತ್ತದೆ. ಪಾತ್ರವನ್ನು ಒಡೆದು ಹಂಚಿ, ಆ ಹಂಚಿಕೆ ನೋಡುವವರಿಗೆ ತಿಳಿಯದ ಹಾಗೆ ಬೆಸೆಯುವುದೇ ನಮ್ಮ ಕಸುಬು.

ಅದಕ್ಕೇ ಮೊದಲ ಕೆಲಸ ವರ್ಕ್‌ಶಾಪಿನಲ್ಲಲ್ಲ, ಕಾಗದದ ಮೇಲೆ. ಚಿತ್ರಕಥೆ ಕೈಗೆ ಬಂದ ಕೂಡಲೇ ಬೊಂಬೆ ಇರುವ ಪ್ರತಿ ಶಾಟ್‌ಗೂ ಒಂದು ಸಾಲು ಬರೆಯಿರಿ: ಯಾವ ದೇಹ ಬೇಕು, ಸೊಂಟದ ಕೆಳಗೆ ಕಾಣುತ್ತದೆಯೆ, ಏನನ್ನಾದರೂ ಮುಟ್ಟುತ್ತದೆಯೆ, ಎತ್ತ ನೋಡುತ್ತದೆ, ಬೊಂಬೆಯನ್ನು ದೂರದಿಂದ ಎಳೆದಾಡಿಸುವ ಕೇಬಲ್ ಎಲ್ಲಿಂದ ಹೊರಬೀಳಬೇಕು, ಎಷ್ಟು ಜನ ಆಡಿಸಬೇಕು. ಸೊಂಟದ ಕೆಳಗೆ ಕಾಣುವ, ಅದೇ ಶಾಟ್‌ನಲ್ಲಿ ಮುಖವೂ ಸೂಕ್ಷ್ಮವಾಗಿ ಆಡಬೇಕಾದ ಸಾಲುಗಳಿಗೆ ಕೆಂಪು ಗುರುತು ಹಾಕಿ. ದುಡ್ಡು ನುಂಗುವವು ಅವೇ. ನಿರ್ದೇಶಕರ ಜೊತೆ ಕೂತು ಅಂಥ ಒಂದು ಶಾಟನ್ನು ಎರಡಾಗಿ ಒಡೆಯಬಹುದೆ ಎಂದು ಕೇಳಬೇಕಾದ ಹೊತ್ತು ಅದು, ಅಚ್ಚು ಎರಕ ಹೊಯ್ದ ಮೇಲಲ್ಲ. ಇ.ಟಿ.ಯ ಬಜೆಟ್ ಸುಮಾರು 1.05 ಕೋಟಿ ಡಾಲರ್. ಬೊಂಬೆಗೇ ಅದರಲ್ಲಿ ಸುಮಾರು 15 ಲಕ್ಷ ಡಾಲರ್ ಮತ್ತು ಮೂರು ತಿಂಗಳು ಹಿಡಿಯಿತು. ಮೂರೇ ತಿಂಗಳಲ್ಲಿ ಮುಗಿಸಬೇಕೆಂದರೆ ಯಾವ ತಲೆ ಯಾವ ಶಾಟ್‌ಗೆ ಎಂಬುದು ಮೊದಲೇ ಖಚಿತವಾಗಿರಲೇಬೇಕು.

ಇನ್ನು ಕಣ್ಣು. ಸಮಯ, ದುಡ್ಡು, ತಾಳ್ಮೆ ಮೂರನ್ನೂ ಇದಕ್ಕೆ ಧಾರಾಳವಾಗಿ ಕೊಡಿ. ಇ.ಟಿ.ಗಾಗಿ ನಿರ್ಮಾಪಕಿ ಕ್ಯಾಥ್ಲೀನ್ ಕೆನಡಿ ಲಾಸ್ ಏಂಜಲೀಸ್‌ನ ಜೂಲ್ಸ್ ಸ್ಟೈನ್ ಕಣ್ಣಿನ ಸಂಸ್ಥೆಗೆ ಹೋಗಿ ನಿಜವಾದ ಕಣ್ಣುಗಳನ್ನೂ ಗಾಜಿನ ಕಣ್ಣುಗಳನ್ನೂ ನೋಡಿ, ಅಲ್ಲಿನವರಿಂದಲೇ ಇ.ಟಿ.ಯ ಕಣ್ಣು ಮಾಡಿಸಿದರು. ಆ ಇಡೀ ಚಿತ್ರದಲ್ಲಿ ಇದಕ್ಕಿಂತ ಒಳ್ಳೆಯ ತೀರ್ಮಾನ ಇನ್ನೊಂದಿಲ್ಲ ಎಂದೇ ನನ್ನ ನಂಬಿಕೆ. ಗಾಜುಗಣ್ಣು ಮಾಡುವವರಿಗೆ ಗೊತ್ತಿರುವ ಸಂಗತಿ ಬೊಂಬೆ ಮಾಡುವವರಿಗೆ ಎಷ್ಟೋ ಸಲ ಗೊತ್ತಿರುವುದಿಲ್ಲ: ಪಾಪೆಯ (ಕಣ್ಣಿನ ಬಣ್ಣದ ವೃತ್ತದ) ಬಣ್ಣ ಮೇಲ್ಮೈಯಲ್ಲಿ ಇರಬಾರದು, ಪಾರದರ್ಶಕ ಪದರದ ಹಿಂದೆ ಆಳದಲ್ಲಿ ಕೂರಬೇಕು. ಆಗಲೇ ಬೆಳಕು ಒಳಹೊಕ್ಕು ಹಿಂದಿರುಗುತ್ತದೆ.

ಕಣ್ಣು ಚೆನ್ನಾಗಿದ್ದೂ ನೋಟ ಸತ್ತಂತೆ ಕಾಣುವುದಕ್ಕೆ ಮೊದಲ ಕಾರಣ, ಎರಡೂ ಕಣ್ಣು ಸಮಾನಾಂತರವಾಗಿ ಕೂತಿರುವುದು. ಕಣ್ಣುಗಳ ನಡುವೆ 12 ಸೆಂ.ಮೀ. ಅಂತರವಿರುವ ಬೊಂಬೆ 60 ಸೆಂ.ಮೀ. ದೂರದ ಮಗುವಿನ ಮುಖ ನೋಡಬೇಕಾದರೆ ಪ್ರತಿ ಕಣ್ಣೂ ಸುಮಾರು 6 ಡಿಗ್ರಿ ಒಳಕ್ಕೆ ತಿರುಗಬೇಕು. 3 ಮೀಟರ್ ದೂರಕ್ಕೆ 1 ಡಿಗ್ರಿ ಸಾಕು. ಎರಡೂ ಕಣ್ಣನ್ನು ಒಂದೇ ಸರಳಿಗೆ ಬಿಗಿದಿದ್ದರೆ ಈ ಹೊಂದಾಣಿಕೆ ಸಾಧ್ಯವೇ ಇಲ್ಲ. ಬೊಂಬೆ ಮಗುವನ್ನು ದಾಟಿ ಹಿಂದಿನ ಗೋಡೆ ನೋಡುತ್ತಿರುತ್ತದೆ. ಎಡಬಲಕ್ಕೆ ಎರಡು ಕಣ್ಣಿಗೂ ಬೇರೆ ಬೇರೆ ಕೇಬಲ್ ಕೊಡಿ, ಮೇಲೆ ಕೆಳಗಿನ ಚಲನೆಗೆ ಒಂದೇ ಇದ್ದರೂ ನಡೆಯುತ್ತದೆ.

ಎರಡನೆಯ ಕಾರಣ ರೆಪ್ಪೆ. ಮೇಲಿನ ರೆಪ್ಪೆ ಪಾಪೆಯ ಮೇಲಂಚನ್ನು ಒಂದೆರಡು ಮಿ.ಮೀ. ಮುಚ್ಚಿರಬೇಕು. ಪಾಪೆ ಪೂರ್ತಿ ದುಂಡಗೆ ಕಂಡರೆ ಬೊಂಬೆ ಸದಾ ಬೆಚ್ಚಿಬಿದ್ದಂತಿರುತ್ತದೆ. ಕಣ್ಣು ಕೆಳಗೆ ಹೋದಾಗ ರೆಪ್ಪೆಯೂ ಹಿಂದೆಯೇ ಇಳಿಯಬೇಕು. ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ ಒಂದು ಮಿಟುಕು ಮೂರರಿಂದ ಎಂಟು ಫ್ರೇಮ್. ಮುಚ್ಚುವುದು ಬೇಗ, ತೆರೆಯುವುದು ನಿಧಾನ. ತಲೆ ದೊಡ್ಡದಾಗಿ ತಿರುಗುವಾಗ ನಡುವೆ ಒಮ್ಮೆ ಮಿಟುಕಿಸಿದರೆ ಯಂತ್ರದ ಅರ್ಧ ದೋಷ ಮುಚ್ಚಿಹೋಗುತ್ತದೆ. ಯಾವುದನ್ನು ನೋಡುವಾಗಲೂ ಕಣ್ಣು ಮೊದಲು, ಮೂರ್ನಾಲ್ಕು ಫ್ರೇಮ್ ಬಿಟ್ಟು ತಲೆ, ಆಮೇಲೆ ಕುತ್ತಿಗೆ, ಕೊನೆಗೆ ಭುಜ. ಎಲ್ಲವೂ ಒಟ್ಟಿಗೆ ಹೊರಟರೆ ಅದು ಜೀವವಲ್ಲ, ಕಣ್ಗಾವಲು ಕ್ಯಾಮೆರಾ.

ಕಣ್ಣಿನ ತೇವಕ್ಕೆ ನೀರಿನಾಧಾರಿತ ಜೆಲ್ಲನ್ನೇ ಬಳಸಿ. ವ್ಯಾಸಲೀನ್ ಹಚ್ಚಿದರೆ ಎಣ್ಣೆಯಂಶಕ್ಕೆ ಲೇಟೆಕ್ಸ್ ರಬ್ಬರಿನ ರೆಪ್ಪೆ ಉಬ್ಬಿ ಕೊಳೆಯುತ್ತದೆ. ದೀಪದ ಕಾವಿಗೆ ಜೆಲ್ ಬೇಗ ಒಣಗುವುದರಿಂದ ಪ್ರತಿ ಟೇಕ್‌ಗೆ ಮುಂಚೆ ಹಚ್ಚುವ ಹೊಣೆಯನ್ನು ಒಬ್ಬರಿಗೇ ವಹಿಸಿ, ಇಬ್ಬರಿಗಲ್ಲ. ಇಬ್ಬರಿದ್ದರೆ ಇಬ್ಬರೂ ಮರೆಯುತ್ತಾರೆ.

ಕೇಬಲ್‌ಗೆ ಬರೋಣ. ಸೈಕಲ್ ಬ್ರೇಕಿನಲ್ಲಿರುವಂಥದ್ದೇ: ಹೊರಗೊಂದು ಕವಚ, ಒಳಗೊಂದು ತಂತಿ. ಕವಚದ ಎರಡೂ ತುದಿ ಕದಲದಂತೆ ಬಿಗಿದಿರಬೇಕು. ಒಂದು ತುದಿ ಸಡಿಲವಾದರೂ ನೀವು ಎಳೆದದ್ದು ಕವಚವನ್ನು ಬಾಗಿಸುವುದಕ್ಕೆ ಖರ್ಚಾಗಿ, ಹುಬ್ಬು ಇದ್ದಲ್ಲೇ ಇರುತ್ತದೆ. ಅದಕ್ಕಿಂತ ದೊಡ್ಡ ಶತ್ರು ತಿರುವು. ಘರ್ಷಣೆ ಗುಣಾಂಕ 0.15 ಎಂದಿಟ್ಟುಕೊಂಡರೆ, ಕೇಬಲ್ ಒಟ್ಟು 180 ಡಿಗ್ರಿ ಬಾಗಿದಾಗ ಎಳೆಯುವ ತುದಿಯಲ್ಲಿ 1.6 ಪಟ್ಟು ಬಲ ಬೇಕು, 360 ಡಿಗ್ರಿ ಸುತ್ತಿದರೆ 2.6 ಪಟ್ಟು. ಉದ್ದಕ್ಕಿಂತ ಬಾಗೇ ಬಲವನ್ನು ತಿನ್ನುತ್ತದೆ ಎಂಬುದು ಹಲವರ ತಲೆಗೆ ಹೋಗುವುದಿಲ್ಲ. ಹತ್ತಿರ ಕೂರಬೇಕೆಂದು ಸುರುಳಿ ಸುತ್ತಿಡುವ ಬದಲು ನಾಲ್ಕು ಮೀಟರ್ ದೂರ ಕೂತು ನೇರವಾಗಿ ಎಳೆಯುವುದೇ ಮೇಲು. ಸೆಟ್ಟಿನ ನೆಲವನ್ನು ನಾಲ್ಕಡಿ ಎತ್ತರಿಸಿ ಕಟ್ಟಿಸಿದರೆ ಕೇಬಲ್ಲುಗಳು ಬೊಂಬೆಯ ಬುಡದಿಂದ ನೇರ ಕೆಳಗಿಳಿಯುತ್ತವೆ. ಕಲಾ ವಿಭಾಗದ ನಕ್ಷೆ ಅಂತಿಮವಾಗುವ ಮೊದಲೇ ಇದನ್ನು ಕೇಳಿ ಇಡಬೇಕು.

ಹೊಸ ತಂತಿ ಹಿಗ್ಗುತ್ತದೆ. ಜೋಡಿಸುವ ಮೊದಲು ತೂಕ ಕಟ್ಟಿ ಒಂದು ರಾತ್ರಿ ನೇತುಹಾಕಿ. ಸ್ಪ್ರಿಂಗ್‌ನಿಂದ ಹಿಂದಿರುಗುವ ರೆಪ್ಪೆ ಬೆಳಿಗ್ಗೆ ಚೆನ್ನಾಗಿದ್ದು ಸಂಜೆಗೆ ಅರ್ಧ ತೆರೆದೇ ಉಳಿದರೆ ಸ್ಪ್ರಿಂಗ್ ಬದಲಿಸಲು ಹೋಗಬೇಡಿ. ಚರ್ಮದ ಒಳಭಾಗ ಯಂತ್ರಕ್ಕೆ ಅಂಟಿಕೊಂಡಿದೆಯೇ ಎಂದು ಮೊದಲು ನೋಡಿ. ಪ್ರತಿ ಸನ್ನೆಕೋಲಿನ ಮೇಲೂ ಸಹಜ ಸ್ಥಿತಿಯ ಗೆರೆಯನ್ನು ಬಣ್ಣದಲ್ಲಿ ಹಾಕಿ. ಹತ್ತು ಜನ ಆಡಿಸುವಾಗ ಟೇಕ್ ಮುಗಿದ ಮೇಲೆ ಮುಖ ಮೊದಲಿನ ಸ್ಥಿತಿಗೆ ಬಂತೋ ಇಲ್ಲವೋ ಎಂದು ಕಣ್ಣಳತೆಯಲ್ಲಿ ಹೇಳಲಾಗದು.

ಈಗ ಹೇಳಿದಷ್ಟೇ ತಿರುಗಿ ನಿಲ್ಲುವ ಸರ್ವೋ ಮೋಟಾರು ಕೈಗೆಟಕುತ್ತದಲ್ಲ, ಕೇಬಲ್ ಯಾಕೆ ಎಂದು ಕೇಳುವವರಿದ್ದಾರೆ. ಸರ್ವೋ ಒಳ್ಳೆಯದು, ಒಂದೇ ಚಲನೆಯನ್ನು ನೂರು ಸಲ ಹಾಗೆಯೇ ಮಾಡುತ್ತದೆ. ಆದರೆ ಅದರ ಕಿರ್ ಎಂಬ ಸದ್ದು ಎದುರಿಗಿರುವ ನಟರ ಮಾತಿನ ಮೈಕಿಗೂ ಬೀಳುತ್ತದೆ. ಕೇಬಲ್ ಹಿಡಿದ ಕೈಗೆ ಚರ್ಮ ಎಷ್ಟು ಎಳೆಯುತ್ತಿದೆ ಎಂಬ ಸ್ಪರ್ಶ ಸಿಗುತ್ತದೆ, ಎದುರಿನ ನಟ ಕೊಂಚ ತಡೆದರೆ ಆ ಕೈಯೂ ತಡೆಯುತ್ತದೆ. ಮಕ್ಕಳ ಜೊತೆ ಆಡುವ ಮುಖಕ್ಕೆ ನಾನು ಇವತ್ತಿಗೂ ಕೇಬಲ್ಲನ್ನೇ ಆರಿಸುತ್ತೇನೆ.

ಚರ್ಮವನ್ನು ಪೂರ್ತಿ ಅಂಟಿಸಬೇಡಿ. ಎಳೆತ ಬೀಳುವ ಬಿಂದುಗಳಲ್ಲಿ ಮಾತ್ರ ಹಿಡಿಸಿ, ಉಳಿದದ್ದು ಜಾರಲಿ. ರೆಪ್ಪೆಯಲ್ಲಿ ಎರಡು ಮಿ.ಮೀ. ದಪ್ಪ, ಕೆನ್ನೆಯಲ್ಲಿ ಎಂಟು ಹತ್ತು. ಸುಕ್ಕುಗಳನ್ನು ಎಳೆತದ ದಿಕ್ಕಿಗೆ ಅಡ್ಡಲಾಗಿ ಕೆತ್ತಿದರೆ ಮುಖ ತಾನಾಗಿ ಆ ಗೆರೆಗಳಲ್ಲೇ ಮಡಚುತ್ತದೆ. ಇ.ಟಿ.ಯ ಮುಖಕ್ಕೆ ಕಾರ್ಲ್ ಸ್ಯಾಂಡ್‌ಬರ್ಗ್, ಐನ್‌ಸ್ಟೈನ್, ಹೆಮಿಂಗ್ವೇ ಅವರ ವಯಸ್ಸಾದ ಮುಖಗಳು ಸ್ಫೂರ್ತಿ. ನಮ್ಮ ಕಣ್ಣಿನಿಂದ ನೋಡಿದರೆ ಅದರಲ್ಲಿ ಸೌಂದರ್ಯದ ಜೊತೆ ಒಂದು ಉಪಾಯವೂ ಇದೆ. ನುಣುಪು ಚರ್ಮದಲ್ಲಿ ಪ್ರತಿ ಮಡಿಕೆಯೂ ತಪ್ಪಾಗಿ ಕಾಣುತ್ತದೆ, ಮುದಿ ಚರ್ಮದಲ್ಲಿ ಅದೇ ಮಡಿಕೆ ಅನುಭವವಾಗಿ ಕಾಣುತ್ತದೆ. ಚರ್ಮಕ್ಕೆ ಪ್ಲಾಟಿನಂ ಸಿಲಿಕೋನ್ (ಪ್ಲಾಟಿನಂ ವೇಗವರ್ಧಕದಿಂದ ಗಟ್ಟಿಯಾಗುವಂಥದ್ದು) ಬಳಸುವವರು ಗಂಧಕವಿರುವ ಜೇಡಿಯನ್ನೂ ಲೇಟೆಕ್ಸ್ ಕೈಗವಸನ್ನೂ ದೂರವಿಡಬೇಕು. ಅವು ತಾಗಿದಲ್ಲಿ ಸಿಲಿಕೋನ್ ಗಟ್ಟಿಯಾಗದೆ ಜಿಗುಟಾಗಿ ಉಳಿಯುತ್ತದೆ. ಮೊದಲು ಒಂದು ಸಣ್ಣ ಬಟ್ಟಲಲ್ಲಿ ಪರೀಕ್ಷಿಸಿ.

ಎಷ್ಟೇ ಚೆನ್ನಾಗಿ ಮಾಡಿದ ಚರ್ಮವಾದರೂ ಅದನ್ನು ಉಳಿಸುವುದು ಛಾಯಾಗ್ರಾಹಕರು. ಅಲೆನ್ ಡೇವಿಯೊ ಇ.ಟಿ.ಯನ್ನು ಮೊದಲ ಭಾಗದಲ್ಲಿ ಬಹುಪಾಲು ನೆರಳಲ್ಲಿ, ಹೊಗೆಯ ಹಿಂದೆ, ಬೆನ್ನ ಬೆಳಕಿನಲ್ಲಿ ಇಟ್ಟರು. ಆಕಾರ ಮೊದಲು ಮನಸ್ಸಿಗೆ ಬೀಳುತ್ತದೆ, ಮುಖ ಆಮೇಲೆ. ಮುಂದಿನಿಂದ ಅರ್ಧ ಸ್ಟಾಪ್ (ಕ್ಯಾಮೆರಾದವರ ಬೆಳಕಿನ ಅಳತೆ) ಬೆಳಕು ಹೆಚ್ಚಾದರೂ ಚರ್ಮ ರಬ್ಬರಿನಂತೆ ತೋರುವುದುಂಟು. ಆದ್ದರಿಂದ ಬಣ್ಣ ಬಳಿಯುವ ಮೊದಲೇ ಛಾಯಾಗ್ರಾಹಕರಿಂದ ಒಂದು ಪರೀಕ್ಷಾ ಶಾಟ್ ತೆಗೆಸಿ. ವರ್ಕ್‌ಶಾಪಿನ ಟ್ಯೂಬ್‌ಲೈಟಿನಲ್ಲಿ ಮೆಚ್ಚಿದ ಬಣ್ಣ ಸೆಟ್ಟಿನಲ್ಲಿ ಹಾಗೇ ಉಳಿಯುವುದಿಲ್ಲ. ಕಣ್ಣಿನ ಹೊಳಪಿಗೆ ಲೆನ್ಸಿನ ಪಕ್ಕದಲ್ಲಿ ಸಣ್ಣ ದೀಪ ಒಂದೇ ಸಾಕು.

ಮಕ್ಕಳಿರುವ ಚಿತ್ರದಲ್ಲಿ ಗಡಿಯಾರವೇ ಯಜಮಾನ. ಕ್ಯಾಲಿಫೋರ್ನಿಯಾದ ಈಗಿನ ನಿಯಮದಂತೆ ಶಾಲಾ ದಿನಗಳಲ್ಲಿ 6ರಿಂದ 9 ವರ್ಷದೊಳಗಿನ ಮಗು ಸೆಟ್ಟಿನಲ್ಲಿ 8 ಗಂಟೆ ಇರಬಹುದು. ಅದರಲ್ಲಿ 3 ಗಂಟೆ ಪಾಠ, 1 ಗಂಟೆ ವಿಶ್ರಾಂತಿ, ಕೆಲಸ 4 ಗಂಟೆ ಮಾತ್ರ. ಇ.ಟಿ. ಚಿತ್ರೀಕರಣದ ವೇಳೆ ಬಾಲನಟರಾದ ಡ್ರೂ ಬ್ಯಾರಿಮೋರ್‌ಗೆ 6, ಹೆನ್ರಿ ಥಾಮಸ್‌ಗೆ 10 ವರ್ಷ. ಈಗ ಲೆಕ್ಕ ಹಾಕಿ. ನಾಲ್ಕು ಗಂಟೆ ಎಂದರೆ 240 ನಿಮಿಷ. ಒಂದು ಟೇಕ್‌ಗೆ ಎರಡು ನಿಮಿಷ, ಬೊಂಬೆಯನ್ನು ಮತ್ತೆ ಸಿದ್ಧಗೊಳಿಸಲು ಎಂಟು ನಿಮಿಷ ಹಿಡಿದರೆ ದಿನಕ್ಕೆ 24 ಟೇಕ್. ಆ ಎಂಟನ್ನು ನಾಲ್ಕಕ್ಕೆ ಇಳಿಸಿದರೆ 40. ಬೊಂಬೆಗೆ ಹೊಸದೊಂದು ಚಲನೆ ಸೇರಿಸುವುದಕ್ಕಿಂತ ಈ ನಾಲ್ಕು ನಿಮಿಷ ಉಳಿಸುವುದು ಚಿತ್ರಕ್ಕೆ ಹೆಚ್ಚು ಉಪಕಾರ. ಬೆಳಕು, ಫೋಕಸ್, ನೋಟದ ದಿಕ್ಕು ಎಲ್ಲವನ್ನೂ ಬದಲಿ ವ್ಯಕ್ತಿಯನ್ನು ನಿಲ್ಲಿಸಿ ಮುಗಿಸಿಟ್ಟು, ಆಮೇಲಷ್ಟೇ ಮಗುವನ್ನು ಕರೆಯಿರಿ.

ಸ್ಪೀಲ್‌ಬರ್ಗ್ ಈ ಚಿತ್ರವನ್ನು ಬಹುಮಟ್ಟಿಗೆ ಕತೆಯ ಕ್ರಮದಲ್ಲೇ ತೆಗೆದರು, ಇ.ಟಿ.ಯ ಬೀಳ್ಕೊಡುಗೆಯ ಹೊತ್ತಿಗೆ ಮಕ್ಕಳ ಅಳು ನಿಜವಾಗಿರಲಿ ಎಂದು. ಬೊಂಬೆ ವಿಭಾಗಕ್ಕೂ ಈ ಕ್ರಮದಲ್ಲಿ ಲಾಭವಿದೆ. ಚರ್ಮದ ಸವೆತ ಒಂದೇ ದಿಕ್ಕಿನಲ್ಲಿ ಸಾಗುತ್ತದೆ, ಇ.ಟಿ. ಕಾಯಿಲೆ ಬಿದ್ದು ಬಿಳಿಚಿಕೊಂಡ ರೂಪ ಯಾವಾಗ ಬೇಕೆಂಬುದು ಖಚಿತವಿರುತ್ತದೆ. ಸ್ಥಳದ ಲೆಕ್ಕದಲ್ಲಿ ಹಿಂದುಮುಂದಾಗಿ ತೆಗೆಯುವುದಾದರೆ ಆ ರೂಪಕ್ಕೆ ಬೇರೆಯದೇ ಚರ್ಮ ಕಟ್ಟಿ. ಒಂದಕ್ಕೇ ಬಣ್ಣ ಹಚ್ಚಿ ತೊಳೆಯುವ ಆಟಕ್ಕೆ ಇಳಿದರೆ ಮೂರನೆಯ ಸಲಕ್ಕೆ ರೆಪ್ಪೆಯ ಅಂಚು ಹರಿಯುತ್ತದೆ.

ಪುಟ್ಟ ಡ್ರೂಗೆ ಇ.ಟಿ. ಬೊಂಬೆಯಾಗಿರಲಿಲ್ಲ. ಅವಳು ಬಂದು ಮಾತಾಡಿಸಿದಾಗ ಅವನು ಮರುನೋಟ ಕೊಡಲೆಂದು, ಕ್ಯಾಮೆರಾ ಓಡದ ಹೊತ್ತಿನಲ್ಲೂ ಅವನನ್ನು ಆಡಿಸಲು ಸ್ಪೀಲ್‌ಬರ್ಗ್ ಜನ ಇರಿಸಿದ್ದರು. ಇದನ್ನು ಮುದ್ದಿನ ಸಂಗತಿಯೆಂದು ಬಿಟ್ಟುಬಿಡಬೇಡಿ, ವೇಳಾಪಟ್ಟಿಯಲ್ಲಿ ಬರೆದಿಡಿ. ಮಗು ಸೆಟ್ಟಿನಲ್ಲಿರುವಷ್ಟು ಹೊತ್ತು ಕಣ್ಣು ಮತ್ತು ಕುತ್ತಿಗೆಗೆ ಒಬ್ಬೊಬ್ಬರು ಇರಲೇಬೇಕು. ತಲೆ ಬಿಚ್ಚಿ ರಿಪೇರಿ ಮಾಡುವುದಿದ್ದರೆ ಪರದೆಯ ಹಿಂದೆ. ಕ್ಯಾಮೆರಾವನ್ನು ಮಗುವಿನ ಕಣ್ಣೆತ್ತರದಲ್ಲಿ ಇಟ್ಟದ್ದು, ತಾಯಿಯ ಹೊರತು ದೊಡ್ಡವರ ಮುಖವನ್ನು ಅರ್ಧ ಚಿತ್ರದವರೆಗೆ ತೋರಿಸದೆ ಹೋದದ್ದು ಇದೇ ಮನಸ್ಸಿನಿಂದ. ಮೆಲಿಸ್ಸಾ ಮ್ಯಾಥಿಸನ್ ಬರೆದ ಚಿತ್ರಕಥೆಯ ಜೀವ ಮಕ್ಕಳು ಮತ್ತು ಈ ಜೀವಿಯ ನಡುವೆಯೇ ಇದೆ. ಕ್ಯಾಮೆರಾ ತಗ್ಗಿದಷ್ಟೂ ಕೇಬಲ್ ಬಚ್ಚಿಡಲು ಜಾಗ ಕಡಿಮೆಯಾಗುತ್ತದೆ ಎಂಬುದನ್ನು ಮಾತ್ರ ನೆನಪಿಡಿ.

ಕೈಗಳ ವಿಷಯದಲ್ಲಿ ಒಂದೇ ಮಾತು. ಕೈ ಆಡಿಸುವವರಿಗೂ ಕಣ್ಣು ಆಡಿಸುವವರಿಗೂ ಒಂದೇ ಮಾನಿಟರ್ ಎದುರಿಗಿರಲಿ. ವಸ್ತುವನ್ನು ಕಣ್ಣು ಮೊದಲು ಮುಟ್ಟಬೇಕು, ಬೆರಳು ಆಮೇಲೆ. ಮಾನಿಟರ್ ಇಲ್ಲದಿದ್ದರೆ ಬೆರಳು ಮುಂದೆ ಹೋಗಿಬಿಡುತ್ತದೆ.

ದನಿ ನಂತರ ಬರುತ್ತದೆಯಾದ್ದರಿಂದ ಬಾಯಿಯ ಮೇಲೆ ಅತಿ ಶ್ರಮ ಹಾಕಬೇಡಿ. ಧ್ವನಿ ವಿನ್ಯಾಸಕ ಬೆನ್ ಬರ್ಟ್, ಸಿಗರೇಟು ಸೇದಿ ಒರಟಾದ ಪ್ಯಾಟ್ ವೆಲ್ಷ್ ಅವರ ಕಂಠವನ್ನು ಒಂಬತ್ತೂವರೆ ಗಂಟೆ ಧ್ವನಿಮುದ್ರಿಸಿ, ಅದಕ್ಕೆ ಇನ್ನೂ 16 ಜನರ ಮತ್ತು ಪ್ರಾಣಿಗಳ ಸದ್ದನ್ನು ಬೆರೆಸಿದರು. ರಕೂನ್, ನೀರುನಾಯಿ, ಕುದುರೆ, ನೆಗಡಿಯಾಗಿ ಮಲಗಿದ್ದ ತಮ್ಮ ಹೆಂಡತಿಯ ಉಸಿರು ಸಹ. ಅಷ್ಟು ತುಂಬಿದ ದನಿಗೆ ದವಡೆ ಸ್ವರಾಕ್ಷರಗಳಲ್ಲಿ ತೆರೆದರೆ ಸಾಕು, ಸದ್ದಿಗಿಂತ ಒಂದೆರಡು ಫ್ರೇಮ್ ಮುಂಚೆ. ಪ್ರತಿ ಅಕ್ಷರಕ್ಕೂ ಬಾಯಿ ಬಡಿದರೆ ಅಗಿಯುತ್ತಿರುವಂತೆ ಕಾಣುತ್ತದೆ. ಆದರೆ ಚಿತ್ರೀಕರಣದಲ್ಲಿ ಬೊಂಬೆಯ ಮಾತನ್ನು ಯಾರಾದರೂ ಓದಲೇಬೇಕು, ಇಲ್ಲದಿದ್ದರೆ ಎದುರಿನ ಮಗು ಖಾಲಿ ಜಾಗಕ್ಕೆ ಉತ್ತರ ಕೊಡುತ್ತಿರುತ್ತದೆ.

ಸೈಕಲ್ ಹಾರುವ ಶಾಟ್‌ಗಳು ಡೆನ್ನಿಸ್ ಮ್ಯೂರೆನ್ ನೇತೃತ್ವದ ಬೇರೆ ತಂಡದವು, ಪುಟ್ಟ ಮಾದರಿಗಳ ಕೆಲಸ. ಅದು ಇನ್ನೊಂದು ಕಸುಬು. ದೃಶ್ಯ ಪರಿಣಾಮದ ಆಸ್ಕರ್ ಮಾತ್ರ ರಾಂಬಾಲ್ಡಿ, ಮ್ಯೂರೆನ್, ಕೆನೆತ್ ಸ್ಮಿತ್ ಮೂವರಿಗೂ ಒಟ್ಟಿಗೆ ಸಂದಿತು.

ಕೊನೆಯದಾಗಿ ಕಾಪಿಡುವುದು. 2022ರ ಡಿಸೆಂಬರ್‌ನಲ್ಲಿ ಇ.ಟಿ.ಯ ಯಂತ್ರಬೊಂಬೆ ಸುಮಾರು 25.6 ಲಕ್ಷ ಡಾಲರ್‌ಗೆ ಹರಾಜಾದಾಗ ಉಳಿದಿದ್ದದ್ದು 85 ಚಲನಬಿಂದುಗಳಿರುವ ಲೋಹದ ಅಸ್ಥಿಪಂಜರ. ಲೋಹ ತಾಳುತ್ತದೆ, ನೊರೆ ರಬ್ಬರ್ ಪುಡಿಯಾಗುತ್ತದೆ. ಕೊನೆಯ ಶಾಟ್ ಮುಗಿದ ದಿನವೇ ಚರ್ಮ ಒರೆಸಿ ಒಣಗಿಸಿ, ಕತ್ತಲೆಯ ತಂಪು ಕೋಣೆಯಲ್ಲಿ, ಭಾರ ಕುತ್ತಿಗೆಯ ಮೇಲೆ ಬೀಳದಂತೆ ಆಧಾರ ಕೊಟ್ಟು ನಿಲ್ಲಿಸಿ. ಎಲ್ಲ ಕೇಬಲ್ಲುಗಳ ಬಿಗಿ ಸಡಿಲಿಸಿ. ತುಟಿಗಳು ಒಂದಕ್ಕೊಂದು ಅಂಟದ ಹಾಗೆ ನಡುವೆ ಆಮ್ಲರಹಿತ ಕಾಗದದ ಒಂದು ಚೂರು ಇಡಿ, ರೆಪ್ಪೆಗಳನ್ನು ಅರ್ಧ ತೆರೆದೇ ಬಿಡಿ.