ಡಬ್ಬಿ ಕಿಟ್‌ನ ಬಿಯರಿಗೆ ಒಂದು ಹಿಡಿ ಹಾಪ್ಸ್

ಆಸ್ಟ್ರೇಲಿಯಾದಲ್ಲಿ ಸಿಗುವ ಕೂಪರ್ಸ್‌ನ 1.7 ಕಿಲೋ ಡಬ್ಬಿಯಿಂದ (ಒಳಗಿರುವುದು ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ಗಟ್ಟಿ ಪಾಕ) 23 ಲೀಟರ್ ಬಿಯರ್ ಆಗುತ್ತದೆ. ಜೊತೆಗೆ ಒಂದು ಕಿಲೋ ಸಕ್ಕರೆ ಸುರಿದರೆ ಕಿಕ್ಕೇನೋ ಬರುತ್ತದೆ, ರುಚಿ ಮಾತ್ರ ನೀರುನೀರು. ಸಕ್ಕರೆಯ ಬದಲು ಅಷ್ಟೇ ತೂಕದ ಒಣ ಮಾಲ್ಟ್ ಪುಡಿ ಹಾಕಿ.

ಬಾಯಲ್ಲಿ ಇನ್ನೂ ಗಟ್ಟಿತನ ಬೇಕೆಂದರೆ 250 ಗ್ರಾಂ ಕ್ರಿಸ್ಟಲ್ ಮಾಲ್ಟ್ (ಹುರಿದ ಸಿಹಿ ಮಾಲ್ಟ್ ಕಾಳು) ತರಿತರಿಯಾಗಿ ಒಡೆದು, ಬಟ್ಟೆಯಲ್ಲಿ ಕಟ್ಟಿ, 2 ಲೀಟರ್ ನೀರಿನಲ್ಲಿ 68 ಡಿಗ್ರಿಯಲ್ಲಿ ಅರ್ಧ ಗಂಟೆ ನೆನೆಸಿ. ನೀರು ಕುದಿಯಲು ಬಿಟ್ಟರೆ ಸಿಪ್ಪೆಯ ಒಗರು ಇಳಿಯುತ್ತದೆ, ಹೆಚ್ಚು ಕುದಿಸಿದ ಚಹಾದ ಹಾಗೆ. ಗಂಟು ತೆಗೆದ ಮೇಲೆ ಆ ನೀರಿಗೆ 200 ಗ್ರಾಂ ಮಾಲ್ಟ್ ಪುಡಿ, 20 ಗ್ರಾಂ ಕ್ಯಾಸ್ಕೇಡ್ ತಳಿಯ ಹಾಪ್ಸ್ (ಬಿಯರಿಗೆ ಕಹಿ, ಘಮ ಕೊಡುವ ಹೂವು) ಹಾಕಿ ಹತ್ತು ನಿಮಿಷ ಕುದಿಸಿ. ಗಂಟೆಗಟ್ಟಲೆ ಬೇಡ, ಡಬ್ಬಿಯಲ್ಲಿ ಕಹಿ ಮೊದಲೇ ಇದೆ. ನಮಗೆ ಬೇಕಿರುವುದು ಘಮ.

ಇದನ್ನು ಡಬ್ಬಿಯ ಪಾಕ, ಉಳಿದ ನೀರಿನ ಜೊತೆ ಬೆರೆಸಿ ತಣಿಸಿದ ಮೇಲೆ, ಡಬ್ಬಿಯ ಮುಚ್ಚಳದಡಿಯ ಯೀಸ್ಟ್ ಬಿಟ್ಟು ಯುಎಸ್-05 ಎಂಬ ಯೀಸ್ಟಿನ 11.5 ಗ್ರಾಂ ಪೊಟ್ಟಣ ಬಳಸಿ, 18–20 ಡಿಗ್ರಿಯಲ್ಲಿಡಿ. ನೊರೆ ಇಳಿದ ಮೇಲೆ ಇನ್ನೂ 30 ಗ್ರಾಂ ಹಾಪ್ಸ್ ಹಾಕಿ ಮೂರು ದಿನ ಬಿಡಿ. ಪದೇಪದೇ ಮುಚ್ಚಳ ತೆರೆದು ಇಣುಕಿದರೆ ಗಾಳಿ ಸೇರಿ ಒದ್ದೆ ರಟ್ಟಿನ ವಾಸನೆ ಬರುತ್ತದೆ. ಹೈಡ್ರೋಮೀಟರ್ (ಉಳಿದ ಸಕ್ಕರೆಯ ಅಂದಾಜು ಕೊಡುವ ತೇಲು ಮಾಪಕ) ಎರಡು ದಿನ ಒಂದೇ ಅಂಕಿ ತೋರಿಸುವ ಮೊದಲು ಬಾಟಲಿಗೆ ತುಂಬಿದರೆ ಒಳಗೆ ಅನಿಲ ಹೆಚ್ಚಿ ಗಾಜು ಸಿಡಿಯಬಹುದು.